ಹೂವು ಬಿದ್ದ ಕೆರೆ

ನಮ್ಮ ಚಿನ್ನಿ ಮೀನು ಹಿಡಿದಳು!

ತಾನೇ ಗಾಳ ಎಸೆದಳು, ತಾನೇ ಎಳೆದಳು, ತಾನೇ ದಡ ಮುಟ್ಟಿಸಿದಳು. ಅವಳಪ್ಪ ಕೈ ಹಾಕಲಿಲ್ಲ. ನಾನು ಕೈ ಹಾಕುವ ಹಾಗೇ ಇರಲಿಲ್ಲ. ಇಷ್ಟನ್ನು ಮೊದಲು ಹೇಳಿ ಮುಗಿಸದಿದ್ದರೆ ಮುಂದಿನದನ್ನು ಬರೆಯಲು ನನಗೆ ಕೈಯೇ ಓಡದು. ನಿನ್ನೆಯಿಂದ ಕಂಡ ಕಂಡವರಿಗೆಲ್ಲ ಹೇಳಿದ್ದೇನೆ. ಲಿಫ್ಟಿನಲ್ಲಿ ನಾಯಿ ಹಿಡಿದುಕೊಂಡು ನಿಂತಿದ್ದ ಹೆಂಗಸಿಗೂ ಕನ್ನಡದಲ್ಲೇ ಹೇಳಿದೆ. ಆಕೆ "ವಾವ್" ಅಂದಳು. ಏನು ಅರ್ಥವಾಯಿತೋ ಕಾಣೆ, ನನ್ನ ಮುಖ ನೋಡಿ ಅಂದಿರಬೇಕು.

ಆದರೆ ಸುಸ್ತು ಅಂದರೆ ಸುಸ್ತು. ಸೊಂಟ ನನ್ನ ಮಾತು ಕೇಳುತ್ತಿಲ್ಲ. ಕಾಲ್ಬೆರಳು ಇನ್ನೂ ಜೋಮು ಹಿಡಿದ ಹಾಗಿವೆ. ವಾರ ವಾರವೂ ಸೂರ್ಯ ಹುಟ್ಟುವ ಮೊದಲೇ ಎದ್ದು, ಸ್ವೆಟರಿನ ಮೇಲೆ ಸ್ವೆಟರು ತೊಟ್ಟು, ಕಾರಿನಲ್ಲಿ ತೂಕಡಿಸಿ, ಊರಾಚೆಯ ಕೆರೆಗಳ ಮುಂದೆ ಸುಮ್ಮನೆ ಕೂತು ಬರುವುದೆಂದರೆ ಹುಡುಗಾಟವಲ್ಲ. ಇಡೀ ದಿನ ಸಂತೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತವಳು ನಾನು. ಅಲ್ಲಿ ಆದ ದಣಿವು ರಾತ್ರಿ ಮಲಗಿದರೆ ಇಳಿಯುತ್ತಿತ್ತು. ಏನೂ ಮಾಡದೆ ಕೂತ ದಣಿವು ಇಳಿಯುವುದೇ ಇಲ್ಲ ನೋಡಿ.

ನಮ್ಮದು ತಿರುಮಕೂಡಲು ನರಸೀಪುರದ ಪಕ್ಕ, ಹೊಳೆ ದಂಡೆಯ ಊರು. ಯಜಮಾನರು ಹರಿಗೋಲಿನಲ್ಲಿ ಹೋಗಿ ಬಲೆ ಬಿಡುತ್ತಿದ್ದರು, ನಾನು ಸಂತೆಯಲ್ಲಿ ಮೀನು ಮಾರುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮಗಳು ಸವಿತಾ ಇಲ್ಲಿ, ಈ ಪರದೇಶದಲ್ಲಿ, ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳು ಮೆಚ್ಚಿ ಮದುವೆಯಾದ ಹುಡುಗ ಪ್ರಸನ್ನ, ತುಮಕೂರಿನ ಕಡೆಯವರು. ಅವರ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮದುವೆಗೆ ಒಪ್ಪುವಾಗ ಅವರಮ್ಮ ಕೇಳಿದ್ದು ಒಂದೇ: "ಹೊರಗೆ ಏನು ಬೇಕಾದ್ರೂ ತಿನ್ನಲಿ, ಮನೆಯೊಳಗೆ ತರಬಾರದು." ಅಳಿಯಂದಿರು ಆಗಲಿ ಅಂದರು. ನನ್ನ ಮಗಳೂ ಆಗಲಿ ಅಂದಳು. ಆವತ್ತಿನಿಂದ ಆ ಮನೆಯಲ್ಲಿ ಮೀನು ಬೆಂದಿರಲಿಲ್ಲ. ಸವಿತಾ ಹೊರಗೂ ತಿನ್ನುವುದನ್ನು ಬಿಟ್ಟುಬಿಟ್ಟಳು.

ಮೊಮ್ಮಗಳು ಚಿನ್ನಿಗೆ ಈಗ ಒಂಬತ್ತು. ನನ್ನ ಕೈಯ ಸಾರು ಅವಳ ನಾಲಿಗೆಗೆ ಒಮ್ಮೆಯೂ ತಾಗಿರಲಿಲ್ಲ. ಮನಸ್ಸಿನಲ್ಲೇ ನುಂಗಿಕೊಂಡಿದ್ದೆ, ಬಾಯಿ ಬಿಟ್ಟು ಕೇಳಿರಲಿಲ್ಲ. ನಾನು ಊರಿಗೆ ಹಿಂದಿರುಗುವ ವಿಮಾನಕ್ಕೆ ಕೆಲವೇ ವಾರ ಉಳಿದಿದ್ದಾಗ ಚಿನ್ನಿಯೇ ಅಮ್ಮನ ಫೋನಿನಲ್ಲಿ ಹಳೆಯ ಫೋಟೋ ಒಂದನ್ನು ಹೊರಗೆ ತೆಗೆದಳು. ಹರಿಗೋಲಿನ ಪಕ್ಕ ಸೀರೆ ಎತ್ತಿ ಕಟ್ಟಿ, ಬಲೆ ಕೊಡವುತ್ತ ನಿಂತ ನಾನು. "ಅಜ್ಜಿ, ಈಸ್ ದಿಸ್ ಯೂ?" ಅಂದಳು. ಅಂದಿನಿಂದ ಹಟ ಹಿಡಿದಳು, ತಾನೂ ಮೀನು ಹಿಡಿಯಬೇಕು, ಅಜ್ಜಿ ಅದನ್ನು ಅಡುಗೆ ಮಾಡಬೇಕು.

ಕೊನೆಗೆ ಅಳಿಯಂದಿರು ಸವಿತಾಗೆ ಇಂಗ್ಲಿಷಿನಲ್ಲಿ ಏನೋ ಅಂದರು. ಸವಿತಾ ನನಗೆ ಹೇಳಿದಳು: "ಅವಳೇ ಸ್ವಂತ ಹಿಡಿದ್ರೆ ಮನೆಗೆ ತರಬಹುದಂತೆ ಅವ್ವ. ಅಂಗಡಿಯಿಂದ ತರೋ ಹಾಗಿಲ್ಲ, ಬೇರೆಯವರು ಹಿಡಿದು ಕೊಟ್ಟಿದ್ದೂ ಆಗಲ್ಲ."

ಸಿಗುವುದಿಲ್ಲವೆಂಬ ಧೈರ್ಯದಲ್ಲೇ ಈ ಮಾತು ಕೊಟ್ಟಿದ್ದಾರೆ ಎಂದುಕೊಂಡೆ ನಾನು.

ರಾಯಪ್ಪನ ಕೆರೆ

ಮೊದಲ ಶನಿವಾರ ಅಡುಗೆಮನೆಯಲ್ಲಿ ಫ್ರಿಜ್ಜಿನಿಂದ ಐಸ್ ಉದುರುವ ಗಡಗಡ ಸದ್ದಿಗೆ ಎಚ್ಚರವಾಯಿತು. ಈ ಚಳಿಯಲ್ಲೂ ಐಸು ಹಾಕಿ ನೀರು ಕುಡಿಯುವ ಜನ ಇವರು ಎಂದು ಬೈದುಕೊಂಡು ಎದ್ದೆ. ಸವಿತಾಗೆ ಶನಿವಾರ ಪಾಳಿಯಿತ್ತು. ಹೊರಡುವಾಗ ನನ್ನ ಕೋಟಿನ ಗುಂಡಿ ಹಾಕುತ್ತ, "ಅವ್ವ, ಅಲ್ಲಿ ಹೋಗಿ ಗಂಗಮ್ಮನ ಪೂಜೆ ಅಂತ ಶುರು ಮಾಡ್ಬೇಡ. ಸುಮ್ನೆ ಕೂತಿರು," ಅಂದಳು.

ಟೋಟೆಮ್ ಲೇಕಿನಿಂದ ಉತ್ತರಕ್ಕೆ ಹೋದೆವು. ಅಂದ ಹಾಗೆ ಮಗಳ ಮನೆಯಿರುವ ಜಾಗದ ಹೆಸರಿನಲ್ಲೇ ಲೇಕ್ ಇದೆ. ಬಂದ ಹೊಸತರಲ್ಲಿ ಕೆರೆ ಎಲ್ಲಿ ಎಂದು ಹುಡುಕಿ ಹುಡುಕಿ ಕಾಲು ನೋಯಿಸಿಕೊಂಡಿದ್ದೆ. ಕಂಡದ್ದೆಲ್ಲ ಅಂಗಡಿ, ಕಾರು ನಿಲ್ಲಿಸುವ ಬಯಲು, ಮತ್ತೆ ಅಂಗಡಿ. ಪಾಪ, ನೀರು ಅವುಗಳ ಹಿಂದೆಲ್ಲೋ ಅಡಗಿ ಕೂತಿತ್ತು.

ನಾವು ಹೋದ ಕೆರೆಯ ಹೆಸರು ನನ್ನ ನಾಲಿಗೆಗೆ ಹೊರಳದು. ಹಾಗಾಗಿ ನಾನೇ ಹೆಸರಿಟ್ಟೆ, ರಾಯಪ್ಪನ ಕೆರೆ. ಏಕೆಂದು ಹೇಳುತ್ತೇನೆ. ಸುತ್ತ ಎತ್ತರದ ಮರ, ಅವುಗಳ ನಡುವೆ ಅಲ್ಲಲ್ಲಿ ಹಳದಿ ತಿರುಗಿದ ಎಲೆ. ನೀರಿನ ಮೇಲೆ ಮಂಜು ಹಾಲು ಕಾಯಿಸಿದ ಹಬೆಯ ಹಾಗೆ ಏಳುತ್ತಿತ್ತು. ಒಂದು ಬಟ್ಟೆ ಒಗೆಯುವ ಕಲ್ಲಿಲ್ಲ, ಒಂದು ಎಮ್ಮೆಯಿಲ್ಲ, ಈಜುತ್ತ ಕೂಗಾಡುವ ಹುಡುಗರಿಲ್ಲ. ಇಷ್ಟು ಚೊಕ್ಕ ನೀರನ್ನು ನೋಡಿ ನನಗೆ ಸಂತೋಷಕ್ಕಿಂತ ಬೇಜಾರೇ ಆಯಿತು. ಯಾರೂ ಮಾತನಾಡಿಸದ ಮನೆಯ ಹಾಗಿತ್ತು.

ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆಯೊಂದಿತ್ತು. ಅಲ್ಲಿ ಜನ ದೂರ ದೂರ ಕೂತಿದ್ದರು. ಬಂದವರಿಗೆ "ಮಾರ್ನಿಂಗ್" ಅನ್ನುತ್ತಾರೆ, ಮತ್ತೆ ಬಾಯಿ ಹೊಲಿದುಕೊಳ್ಳುತ್ತಾರೆ. ಮೀನು ಸಿಕ್ಕರೆ ಎತ್ತಿ ಹಿಡಿದು ಫೋಟೋ ತೆಗೆದುಕೊಂಡು ಮೆಲ್ಲಗೆ ನೀರಿಗೆ ಬಿಡುತ್ತಾರೆ. ನನಗಂತೂ ತಲೆಬುಡ ತಿಳಿಯಲಿಲ್ಲ. ಸಂತೆಯಲ್ಲಿ ಕೆಲವರು ಬರುತ್ತಿದ್ದರು, ಕಿವಿರು ಎತ್ತಿ ನೋಡಿ, ತಿರುಗಿಸಿ ನೋಡಿ, ತೂಗಿಸಿ, ಕೊನೆಗೆ ಬುಟ್ಟಿಗೇ ಹಾಕಿ ಹೋಗುತ್ತಿದ್ದರು. ಅಂಥವರೆಲ್ಲ ಈ ದೇಶಕ್ಕೇ ಬಂದು ಸೇರಿಕೊಂಡ ಹಾಗಿತ್ತು.

"ಅತ್ತೆ, ನೀವು ಗಾಳ ಮಾತ್ರ ಮುಟ್ಬೇಡಿ," ಅಂದರು ಅಳಿಯಂದಿರು. "ಇಲ್ಲಿ ದೊಡ್ಡೋರಿಗೆ ಲೈಸೆನ್ಸ್ ಇರಬೇಕು. ಮಕ್ಕಳಿಗಾದ್ರೆ ಬೇಡ."

"ಬರೀ ಕೋಲು ಹಿಡ್ಕೊಂಡ್ರೂ?"

"ಹಿಡ್ಕೊಂಡ್ರೂ."

ಅವರು ಒಂದು ನೀಲಿ ಪೆಟ್ಟಿಗೆಯನ್ನು ಕಾರಿನಿಂದ ತಂದು ಪಕ್ಕದಲ್ಲಿಟ್ಟುಕೊಂಡು ಮಡಚುವ ಕುರ್ಚಿಯಲ್ಲಿ ಕೂತರು. ಬಾಯಾರಿಕೆಯಾಗಿ, "ಅದರಲ್ಲಿ ನೀರೈತಾ?" ಅಂದೆ. "ಅದರಲ್ಲಿ ಏನೂ ಇಲ್ಲ ಅತ್ತೆ," ಎಂದು ಬೇರೆ ಬಾಟಲಿ ಕೊಟ್ಟರು.

ಹೀಗೆ ಚಿನ್ನಿಯೊಬ್ಬಳೇ ಗಾಳ ಹಿಡಿದು ನಿಂತಳು. ನನಗೆ ಗೊತ್ತಿದ್ದದ್ದು ಬಲೆ. ಗಾಳವೆಂದರೆ ನಮ್ಮ ಕಡೆ ಶಾಲೆ ತಪ್ಪಿಸಿದ ಹುಡುಗರ ಆಟ. ಆದರೂ ಬಾಯಿ ಸುಮ್ಮನಿರಬೇಕಲ್ಲ, ರಾಗಿ ಮುದ್ದೆಯ ಉಂಡೆ ಸಿಕ್ಕಿಸು ಅಂದೆ. ಅದಕ್ಕೆಂದೇ ಬೆಳಿಗ್ಗೆ ಕಟ್ಟಿ ತಂದಿದ್ದೆ. ಅವಳು ಎಸೆದರೆ ಮುದ್ದೆ ಒಂದು ಕಡೆ ಹಾರಿತು, ಗಾಳ ಒಂದು ಕಡೆ ಬಿತ್ತು. ಎಷ್ಟು ಸಲ ಎಸೆದರೂ ಅದೇ ಕಥೆ.

ಪಕ್ಕದಲ್ಲಿ ಕೆಂಪು ಟೋಪಿಯ ಮುದುಕನೊಬ್ಬ ಕೂತಿದ್ದ. ಇದ್ದಕ್ಕಿದ್ದ ಹಾಗೆ ಅವನ ಕೋಲು ಬಿಲ್ಲಿನಂತೆ ಬಾಗಿತು. ನನಗೆ ಮೈಮೇಲೆ ಪ್ರಜ್ಞೆಯಿಲ್ಲ. ಎದ್ದು ನಿಂತು, ಅವನ ಕಡೆಗೆ ಬೆರಳು ಚಾಚಿ, "ಮೀನ್! ಮೀನ್! ಅಯ್ಯೋ ಮೀನ್ ಕಣಪ್ಪಾ, ಮೀನ್!" ಎಂದು ಕೂಗಿದೆ.

ಅವನು ಗಾಬರಿಯಿಂದ ತಿರುಗಿದ. ಎದೆಯ ಮೇಲೆ ಕೈಯಿಟ್ಟುಕೊಂಡು, "ಮೀ?" ಅಂದ. ಮುಖ ಸಣ್ಣದಾಗಿಹೋಗಿತ್ತು. ಅಷ್ಟರಲ್ಲಿ ಅವನ ದಾರ ಸಡಿಲಾಯಿತು, ಸಿಕ್ಕಿದ್ದು ತಪ್ಪಿಸಿಕೊಂಡು ಹೋಯಿತು.

ಚಿನ್ನಿ ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕೂತೇಬಿಟ್ಟಳು. ನಗು ತಡೆಯಲಾಗದೆ ಅವಳ ಕಣ್ಣಲ್ಲಿ ನೀರು. ಅಳಿಯಂದಿರು ಓಡಿಹೋಗಿ ಆತನಿಗೆ ಕೈಮುಗಿಯುವುದೊಂದು ಬಾಕಿ. ಆಮೇಲೆ ನನಗೆ ಹೇಳಿದರು, ಇಂಗ್ಲಿಷಿನಲ್ಲಿ ಮೀನ್ ಅಂದರೆ ಕೆಟ್ಟ ಬುದ್ಧಿಯವನು, ಕರುಣೆಯಿಲ್ಲದವನು ಎಂದರ್ಥವಂತೆ. ತನ್ನಷ್ಟಕ್ಕೆ ತಾನು ಕೂತಿದ್ದ ಮುದುಕನಿಗೆ ಬೆರಳು ತೋರಿಸಿ ಕೆಟ್ಟವನು ಕೆಟ್ಟವನು ಎಂದು ಕಿರುಚಿದ್ದೆ ನಾನು.

ವಿಷಯ ತಿಳಿದ ಮೇಲೆ ಆತ ಹಲಗೆ ಅದುರುವಂತೆ ನಕ್ಕ. ಹೆಸರು ರಾಯ್ ಎಂದ. ರಾಯ್ ಅಂತ ಬರಿದೇ ಹೇಗೆ ಕರೆಯುವುದು, ನನಗಿಂತ ದೊಡ್ಡವನು. ರಾಯಪ್ಪ ಅಂದೆ. "ರಾಯಪ್ಪಾ," ಎಂದು ತಾನೇ ಹೇಳಿ ನೋಡಿಕೊಂಡ. ಹಿಡಿಸಿತು ಅಂತ ಕಾಣುತ್ತದೆ.

ಆದರೆ ನನಗೆ ಬೇರೆಯೇ ಭಯ ಹಿಡಿಯಿತು. ನಾಚಿಕೆಯ ಮಾತು ಬಿಡಿ. ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ನೀರಿಗೆ ಹೋದಾಗ ಮೀನು ಎಂಬ ಹೆಸರನ್ನು ಯಾರೂ ಎತ್ತುವುದಿಲ್ಲ. ಅದು ಗಂಗಮ್ಮನ ಮುಡಿಯಲ್ಲಿರುವುದು, ಅದಕ್ಕೇ ಹೂವು ಅನ್ನುತ್ತೇವೆ. ಹೂವು ಬಿತ್ತಾ, ಹೂವು ಜಾಸ್ತಿಯಾ, ಹೀಗೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ್ದು. ಇಷ್ಟು ವರ್ಷ ಪಾಲಿಸಿ ಬಂದವಳು ಪರದೇಶದ ನೀರಿನ ಮುಂದೆ ಬಾಯಿ ಹರಿಬಿಟ್ಟೆ. ಕಣ್ಣೆದುರಿಗೇ ಆತನದು ತಪ್ಪಿಹೋಯಿತು.

ಚಿನ್ನಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

"ಇಲ್ಲಿ ಆ ಹೆಸರು ಹೇಳ್ಬಾರ್ದು ಕಣವ್ವ. ಹೂವು ಅನ್ನಬೇಕು."

"ಲೈಕ್ ಎ ಸೀಕ್ರೆಟ್ ಕೋಡ್?"

"ಹೂಂ, ಅಂಥದ್ದೇ ಇರಬೇಕು."

ಅವಳು ನೆಗೆದುಕೊಂಡು ಹೋಗಿ ರಾಯಪ್ಪನಿಗೆ ಹೇಳಿದಳು: "ಹೂ!"

ಅವನು ಸುತ್ತ ನೋಡಿ, "ಹೂ?" ಅಂದ.

"ಹೂ!"

"ಹೂ?"

ಗೂಬೆಗಳೆರಡು ಎದುರುಬದುರು ಕೂತ ಹಾಗಾಯಿತು. ಇಂಗ್ಲಿಷಿನಲ್ಲಿ ಹೂ ಅಂದರೆ ಯಾರು ಎಂದಂತೆ. ನಾನು ತಲೆ ಚಚ್ಚಿಕೊಂಡೆ. ನಮ್ಮ ಮಾತಿನಲ್ಲಿ ಒಂದಾದರೂ ಈ ಜನಕ್ಕೆ ನೆಟ್ಟಗೆ ಕೇಳಿಸಬಾರದೇ?

ಮಧ್ಯಾಹ್ನದವರೆಗೂ ಕೂತೆವು. ಏನೂ ಸಿಗಲಿಲ್ಲ.

ಬಾತುಕೋಳಿ ಕೆರೆ

ಮುಂದಿನ ಶನಿವಾರ ಇನ್ನೂ ಉತ್ತರಕ್ಕೆ ಹೋದೆವು. ಹೋಗುತ್ತಲೇ ಇದ್ದೆವು. ಇನ್ನೊಂದಿಷ್ಟು ಹೋದರೆ ಬೇರೆ ದೇಶವೇ ಬರುತ್ತದೆ ಎಂದರು ಅಳಿಯಂದಿರು. ವಾರವಿಡೀ ಕೆಲಸ ಮಾಡಿ ದಣಿದವರು ಆಕಳಿಸುತ್ತ ಕಾರು ಓಡಿಸುತ್ತಿದ್ದರೆ ನನಗೆ ಹಿಂದೆ ಕೂತು ಪಾಪ ಅನ್ನಿಸುತ್ತಿತ್ತು. ನಿದ್ದೆ ಬಾರದಿರಲೆಂದು ಹಾಡು ಹಾಕಿದರು. ಅದು ನಿದ್ದೆ ಬರಿಸುವ ಹಾಡು. ನಾನೂ ಚಿನ್ನಿಯೂ ಮಲಗಿಬಿಟ್ಟೆವು.

ಆ ಕೆರೆ ಅಗಲವಾಗಿತ್ತು. ಗಾಳಿ ಎಂಥದ್ದೆಂದರೆ ಕಿವಿಯೊಳಗೆ ಹೊಕ್ಕು ಹಲ್ಲು ಅಲುಗಾಡಿಸುತ್ತಿತ್ತು. ಶೌಚಕ್ಕೆಂದು ನಿಲ್ಲಿಸಿದ್ದ ಪ್ಲಾಸ್ಟಿಕ್ ಗೂಡಿನೊಳಗೆ ಹೊಕ್ಕು, ಅಷ್ಟು ಸ್ವೆಟರು ಕೋಟುಗಳ ನಡುವೆ ಸೀರೆ ಹುಡುಕಿಕೊಂಡು, ಹೊರಬರುವ ಹೊತ್ತಿಗೆ ಬಾಗಿಲಿನ ಚಿಲಕ ಯಾವ ಕಡೆ ತಿರುಗುತ್ತದೆಂದು ತಿಳಿಯದೆ ಒಳಗಿಂದ ದಬದಬ ಬಡಿದೆ. ಚಿನ್ನಿ ಹೊರಗೆ ನಿಂತು, "ಅಜ್ಜಿ, ಪುಲ್! ನೋ, ಪುಶ್!" ಎಂದು ಕೂಗುತ್ತಿದ್ದಳು. ಎರಡೂ ನನ್ನ ಕಿವಿಗೆ ಒಂದೇ ಥರ ಕೇಳಿದವು.

ಹಿಂದಿನ ವಾರದ ಬಾಯಿತಪ್ಪಿಗೆ ಏನಾದರೂ ಮಾಡಲೇಬೇಕಿತ್ತು. ಮಗಳ ಮಾತು ನೆನಪಿತ್ತು, ಆದರೆ ಅವಳು ಅಲ್ಲಿರಲಿಲ್ಲ. ಸೆರಗಿನಲ್ಲಿ ಕಟ್ಟಿ ತಂದಿದ್ದ ಕಡಲೆಪುರಿಯನ್ನು ಹಿಡಿ ತುಂಬ ತೆಗೆದು, "ತಾಯಿ, ಮಗಾ ಬಂದೈತೆ, ಬರಿಗೈಲಿ ಕಳಿಸ್ಬೇಡ," ಎಂದು ನೀರಿಗೆ ಎರಚಿದೆ.

ಗಂಗಮ್ಮ ಬಂದಳೋ ಇಲ್ಲವೋ, ಬಾತುಕೋಳಿಗಳು ಬಂದವು. ಎಲ್ಲಿದ್ದವೋ! ಜೊಂಡಿನೊಳಗಿಂದ, ಆಚೆ ದಡದಿಂದ, ಆಕಾಶದಿಂದ. ಕ್ವಾಕ್ ಕ್ವಾಕ್ ಎಂದು ಕೆರೆಗೆ ಕೆರೆಯೇ ಎದ್ದು ನಮ್ಮ ಕಡೆ ಬಂತು. ನೀರೆಲ್ಲ ಕಲಕಿಹೋಯಿತು. ಒಂದು ದೊಡ್ಡ ಹಕ್ಕಿ ಹಲಗೆಯ ಮೇಲೇ ಹತ್ತಿ ಬಂದು ನನ್ನ ಸೆರಗು ಎಳೆಯಿತು. ನಾನು ಚೀಲ ಎತ್ತಿಕೊಂಡು ಹಿಂದೆ ಹಿಂದೆ ಹೋಗಿ ಅಳಿಯಂದಿರ ಕುರ್ಚಿಗೆ ಡಿಕ್ಕಿ ಹೊಡೆದೆ.

ಆ ದಾರಿಯಲ್ಲಿ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನಯವಾಗಿಯೇ ಏನೋ ಹೇಳಿದಳು. ಅಳಿಯಂದಿರು "ಸಾರಿ, ಸಾರಿ" ಅಂದರು.

"ನೀರಿಗೆ ತಿಂಡಿ ಹಾಕೋ ಹಾಗಿಲ್ಲ ಅತ್ತೆ. ಆಮಿಷ ತೋರಿಸಿದ ಹಾಗಾಗುತ್ತೆ, ಅದು ತಪ್ಪು ಇಲ್ಲಿ."

"ಆಮಿಷ ಅಲ್ಲ ಕಣ್ರಪ್ಪ, ಪೂಜೆ."

"ಬಾತುಕೋಳಿಗೆ ಅದು ಹೇಗೆ ಗೊತ್ತಾಗ್ಬೇಕು?" ಅಂದರು. ಮುಖ ಗಂಟಾಗಿತ್ತೋ, ನಗು ತಡೆದುಕೊಂಡಿದ್ದರೋ ತಿಳಿಯಲಿಲ್ಲ.

ಆ ಗದ್ದಲದಲ್ಲಿ ಚಿನ್ನಿಯ ಗಾಳ ಹಿಂದಿನ ಮರಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ದಾರ ಕಿತ್ತುಬಂತು. ಇನ್ನೊಂದು ಕಟ್ಟಿದರೆ ಅದು ಗಂಟಾಯಿತು. ಅವಳ ಬೆರಳುಗಳು ಚಳಿಗೆ ಕೆಂಪಾಗಿದ್ದವು. ಕೋಲನ್ನು ಕೆಳಗಿಟ್ಟು ಆ ನೀಲಿ ಪೆಟ್ಟಿಗೆಯ ಮೇಲೆ ಮುದುರಿ ಕೂತು, ಮುಖ ಮೊಣಕಾಲಿಗೆ ಒತ್ತಿಕೊಂಡು, "ಐ ಡೋಂಟ್ ವಾಂಟ್ ಟು ಕಮ್ ಎನಿಮೋರ್," ಅಂದಳು. ಇದಕ್ಕೆ ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಬೇಡ ಬಿಡು ಎಂದು ನನಗೂ ಅನ್ನಿಸಿತು. ದೇಹ ಸೋತಿತ್ತು, ಮನಸ್ಸೂ ಅದರ ಜೊತೆಗೆ ಹೋಗಿ ಕೂತಿತ್ತು. ಇಷ್ಟು ವರ್ಷ ಇಲ್ಲದ್ದು ಈಗೇಕೆ? ಮುಂದಿನ ವಾರ ಕಳೆದರೆ ನಾನು ವಿಮಾನ ಹತ್ತುವವಳು. ಹಿಂದಿರುಗುವಾಗ ಕಾರಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಿಟಕಿಯಾಚೆ ಹಿಮದ ಬೆಟ್ಟವೊಂದು ಬಹಳ ಹೊತ್ತು ನಮ್ಮ ಜೊತೆಗೇ ಬಂತು. ನೋಡಿ ಎಂದರು ಅಳಿಯಂದಿರು. ನೋಡಿದೆ.

ನಡುವಿನ ವಾರ, ಟೋಟೆಮ್ ಲೇಕ್

ಆ ವಾರ ಮನೆಯಲ್ಲಿ ಯಾರೂ ಕೆರೆಯ ಮಾತೆತ್ತಲಿಲ್ಲ. ಕೋಲು ಬಾಗಿಲ ಹಿಂದೆ ನಿಂತಿತ್ತು. ನಾನು ಸೂಟ್‌ಕೇಸ್ ತೆಗೆದು ಸೀರೆ ಮಡಚತೊಡಗಿದೆ.

ಒಂದು ಸಂಜೆ ಸವಿತಾ ನನ್ನ ತಲೆ ಬಾಚುತ್ತ ಕೇಳಿದಳು: "ಬೇಜಾರಾಯ್ತಾ ಅವ್ವ?"

"ಯಾಕ್ ಬೇಜಾರು? ನೀವೆಲ್ಲ ಚೆಂದಾಗಿದ್ದೀರಲ್ಲ, ಸಾಕು."

"ನಿನ್ನ ಕೈ ಸಾರು ಅಂದ್ರೆ ನಂಗೂ ಆಸೆ ಕಣವ್ವ," ಅಂದಳು. "ಅವನು ಅಮ್ಮಂಗೆ ಮಾತು ಕೊಟ್ಟಿದಾನೆ. ನಾನು ಕೇಳೋಕೆ ಹೋಗಲ್ಲ."

ಗಂಡನನ್ನು ಅವನು ಇವನು ಅನ್ನುತ್ತಾಳೆ, ಹೆಸರು ಹಿಡಿದು ಕೂಗುತ್ತಾಳೆ. ಆದರೆ ಅವರ ಮಾತು ಮೀರಿ ಒಂದು ಹೆಜ್ಜೆ ಇಡಲಾರಳು. ನಾನು ಯಜಮಾನರ ಹೆಸರು ಹೇಳಿದವಳಲ್ಲ, ಅವರ ಮಾತು ಕೇಳಿದ್ದೂ ಅಷ್ಟಕ್ಕಷ್ಟೇ. ಕಾಲ ಎಷ್ಟು ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಎಂದು ನನಗೆ ಲೆಕ್ಕ ಸಿಗಲಿಲ್ಲ.

ಮಾರನೆಯ ದಿನ ರಾತ್ರಿ ಊಟವಾದ ಮೇಲೆ ನೀರು ಕುಡಿಯಲು ಬಂದರೆ ಅಳಿಯಂದಿರು ಊಟದ ಮೇಜಿನ ಬಳಿ ನೆಲದ ಮೇಲೆ ಕೂತಿದ್ದರು. ಮುಂದೆ ಫೋನು ಒರಗಿಸಿಟ್ಟಿದ್ದರು. ಅದರಲ್ಲಿ ಯಾರೋ ಗಂಟು ಹಾಕುವುದನ್ನು ತೋರಿಸುತ್ತಿದ್ದ. ಅದನ್ನು ನೋಡಿ ನೋಡಿ ಇವರು ಹಲ್ಲಿನ ಸಂದಿ ಉಜ್ಜುವ ದಾರವನ್ನು ಕುರ್ಚಿಯ ಕಾಲಿಗೆ ಕಟ್ಟುತ್ತಿದ್ದರು, ಎಳೆಯುತ್ತಿದ್ದರು. ಬಿಚ್ಚಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ನಾನು ಸದ್ದಿಲ್ಲದೆ ಹಿಂದಿರುಗಿದೆ.

ಬೆಳಿಗ್ಗೆ ತಿಂಡಿಗೆ ಕೂತಾಗ ಅವರೇ ಬಾಯಿ ತೆರೆದರು. "ಚಿನ್ನಿ, ಇನ್ನೊಂದ್ ಸಲ ಹೋಗೋಣ. ಒಂದೇ ಸಲ. ರಾಯಪ್ಪ ಇರೋ ಕೆರೆಗೆ."

ಚಿನ್ನಿ ನನ್ನನ್ನು ನೋಡಿದಳು. ನಾನು ಸವಿತಾಳನ್ನು ನೋಡಿದೆ. ಸವಿತಾ ದೋಸೆ ಮಗುಚುವುದನ್ನು ಮರೆತಿದ್ದಳು, ಅದು ಸೀದಿತು.

ಮತ್ತೆ ರಾಯಪ್ಪನ ಕೆರೆ

ಅದೇ ಗಡಗಡ ಐಸಿನ ಸದ್ದು, ಅದೇ ಕತ್ತಲು, ಅದೇ ಸ್ವೆಟರುಗಳು. ಹಳದಿ ಎಲೆಗಳು ಜಾಸ್ತಿಯಾಗಿದ್ದವು, ಹಲಗೆಯ ಮೇಲೂ ಬಿದ್ದು ಒದ್ದೆಯಾಗಿ ಅಂಟಿಕೊಂಡಿದ್ದವು. ನಾನು ಬಾಯಿ ಬಿಗಿಹಿಡಿದು ಕೂತೆ. ಪುರಿ ತಂದಿರಲಿಲ್ಲ. ಮುದ್ದೆಯನ್ನೂ ತಂದಿರಲಿಲ್ಲ.

ರಾಯಪ್ಪ ಇದ್ದ. ನನ್ನನ್ನು ಕಂಡು ಟೋಪಿ ಎತ್ತಿ, "ನಾಟ್ ಮೀನ್!" ಅಂದ. ನಾನು ಕೈಮುಗಿದೆ. ಅವನು ಗಾಳಕ್ಕೆ ಸಿಕ್ಕಿಸಲು ಚಿನ್ನಿಗೆ ತನ್ನ ಡಬ್ಬಿಯಿಂದ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ಕೊಟ್ಟ. ಅಳಿಯಂದಿರು ಗಂಟು ಹಾಕಿಕೊಟ್ಟರು. ಅವರ ನಾಲಿಗೆಯ ತುದಿ ಹೊರಗೆ ಬಂದಿತ್ತು, ಅಷ್ಟು ನಿಗಾ. ಆಮೇಲೆ ಕೈ ಒರೆಸಿಕೊಂಡು ದೂರ ಸರಿದರು.

ಕೂತೆವು. ಕೂತೇ ಇದ್ದೆವು. ಮಂಜು ಎದ್ದುಹೋಯಿತು, ಬಿಸಿಲು ಬಂತು, ಬಂದ ಬಿಸಿಲಿಗೆ ಬಿಸಿಯಿಲ್ಲ. ನನಗೆ ತೂಕಡಿಕೆ. ಹೊಳೆಯ ಸದ್ದು ಕೇಳಿದ ಹಾಗೆ, ಯಜಮಾನರು ಕರೆದ ಹಾಗೆ ಏನೋ ಅರೆನಿದ್ದೆ.

"ಅಜ್ಜೀ! ಹೂ! ಹೂ!"

ಕಣ್ಣು ಬಿಟ್ಟರೆ ಚಿನ್ನಿಯ ಕೋಲು ಬಾಗಿದೆ. ಅವಳ ಕಾಲು ಜಾರುತ್ತಿದೆ. ಅಳಿಯಂದಿರು ಎದ್ದರು, ಎರಡು ಹೆಜ್ಜೆ ಬಂದರು, ತಟ್ಟನೆ ನಿಂತರು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ಅವಳೇ ಹಿಡಿಯಬೇಕಲ್ಲ!

ರಾಯಪ್ಪ ತಿರುಗಿ, "ಹೂ?" ಅಂದ. ಆಮೇಲೆ ಅವನಿಗೆ ಹೊಳೆಯಿತು. ಟೋಪಿ ಕಿತ್ತು ಬೀಸುತ್ತ, "ಹೂ! ಹೂ! ಹೂ!" ಎಂದು ಅವನೂ ಕೂಗತೊಡಗಿದ. ಬಾಯಿ ಹೊಲಿದುಕೊಂಡು ಕೂತಿದ್ದವರೆಲ್ಲ ಎದ್ದು ನಿಂತರು. ಯಾರೋ ಆಚೆಯಿಂದ "ಹೂ?" ಎಂದು ಕೇಳಿದರು. "ಹೂ!" ಎಂದು ರಾಯಪ್ಪ ಅವರಿಗೂ ಹೇಳಿದ. ಆ ಸದ್ದಿಲ್ಲದ ಕೆರೆಯ ಮೇಲೆ ನಮ್ಮತ್ತೆ ಕಲಿಸಿದ ಮಾತು ಆ ದಡದಿಂದ ಈ ದಡಕ್ಕೆ ಓಡಾಡಿತು.

"ಎಳೀಬೇಡ, ಬಿಡು, ಬಿಡು, ಈಗ ಎಳಿ!" ಎಂದು ನಾನು ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ, ತನಗೆ ತೋಚಿದ ಹಾಗೆ ರೀಲು ಸುತ್ತಿದಳು. ನೀರು ಒಡೆದು ಅದು ಮೇಲೆ ಬಂತು. ಹೊಟ್ಟೆ ಬೆಳ್ಳಗೆ, ಬೆನ್ನು ಹಸಿರು, ಪಕ್ಕೆಯ ಉದ್ದಕ್ಕೂ ಕಣಗಿಲೆ ಹೂವಿನ ಬಣ್ಣದ ಒಂದು ಪಟ್ಟೆ. ನಿಜವಾಗಿ ಹೂವೇ. ನನ್ನ ಮುಂಗೈಯಷ್ಟು ಉದ್ದವಿತ್ತು, ಅಷ್ಟೇ. ನಮ್ಮ ಸಂತೆಯಲ್ಲಿ ಇಂಥದ್ದನ್ನು ಕೊಸರಿಗೆ ಹಾಕುತ್ತಿದ್ದೆವು. ಆದರೆ ಅಷ್ಟು ದೊಡ್ಡ ಮೀನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಹಲಗೆಯ ಮೇಲೆ ಅದು ಬಡಿದುಕೊಳ್ಳುತ್ತಿತ್ತು. ರಾಯಪ್ಪ ಮಂಡಿಯೂರಿ ಕೂತು ಮೆಲ್ಲಗೆ ಕೇಳಿದ, ಇಟ್ಟುಕೊಳ್ಳುತ್ತೀಯಾ, ಬಿಡುತ್ತೀಯಾ ಎಂದು.

ಚಿನ್ನಿಯ ನಗು ಇಳಿಯಿತು. ಅದರ ಬಾಯಿ ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿದಳು. ನನ್ನ ಕಡೆ ತಿರುಗಿ ಕೇಳಿದಳು: "ಅಜ್ಜಿ, ಅದಕ್ಕೆ ಅಬ್ಬು ಆಗುತ್ತಾ?"

ಅಬ್ಬು ಎನ್ನುವುದು ಎಳೆಮಕ್ಕಳ ಮಾತು, ನೋವು ಎಂದರ್ಥ. ಅವಳು ತೊಟ್ಟಿಲಲ್ಲಿದ್ದಾಗ ಸವಿತಾ ಹೇಳುತ್ತಿದ್ದದ್ದು. ನನ್ನೊಡನೆ ಇಡೀ ಬೇಸಿಗೆ ಇಂಗ್ಲಿಷಿನಲ್ಲಿ ಮಾತನಾಡಿದ ಮಗು, ತನ್ನ ಬಳಿ ಇದ್ದ ಕನ್ನಡವನ್ನು ಹುಡುಕಿ ಕೇಳಿತ್ತು. ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಆಗುತ್ತೆ ಕಂದ."

"ದೆನ್ ವಾಟ್ ಡು ಯು ಡೂ?"

"ಗಂಗಮ್ಮಂಗೆ ಹೇಳ್ತೀವಿ. ತಾಯಿ, ನಿನ್ನ ಹೂವು ತಗಂಡೆ, ಹಸಿವಿಗೆ ತಗಂಡೆ, ಆಟಕ್ಕಲ್ಲ ಅಂತ. ಆಮೇಲೆ ಒಂದ್ ಚೂರೂ ಬಿಸಾಕಲ್ಲ. ಬಿಡಬೇಕು ಅನ್ನಿಸಿದ್ರೆ ಬಿಡು. ಅಜ್ಜಿ ಏನೂ ಅನ್ನಲ್ಲ."

ಹೀಗೆಂದು ಹೇಳಿಬಿಟ್ಟೆ. ಅಳಿಯಂದಿರಿಗೆ ಈಗ ಒಂದು ಮಾತು ಸಾಕಿತ್ತು, ಬಿಟ್ಟುಬಿಡು ಚಿನ್ನಿ ಎಂದಿದ್ದರೆ ಅವಳು ಬಿಟ್ಟೇಬಿಡುತ್ತಿದ್ದಳು. ಅವರ ಅಮ್ಮನ ಮಾತೂ ಉಳಿಯುತ್ತಿತ್ತು.

ಅವರೋ, ಆ ನೀಲಿ ಪೆಟ್ಟಿಗೆಯನ್ನು ಎತ್ತಿ ತಂದು ಮಗಳ ಮುಂದಿಟ್ಟು ಮುಚ್ಚಳ ತೆಗೆದರು. ಒಳಗೆ ಕಂಠದವರೆಗೂ ಐಸ್. ಬೇರೆ ಏನೂ ಇಲ್ಲ.

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಬೆಳಗಿನ ಆ ಗಡಗಡ ಸದ್ದು ನೆನಪಾಯಿತು.

"ಪ್ರತಿ ಸಲಾನೂ ತುಂಬ್ಕೊಂಡ್ ಬರ್ತಿದ್ರಾ?"

"ಸಿಕ್ಕಿದ್ರೆ ಕೆಡಬಾರ್ದಲ್ಲ ಅತ್ತೆ," ಅಂದರು, ನನ್ನ ಮುಖ ನೋಡದೆ.

ಚಿನ್ನಿ ಬಗ್ಗಿ ಎರಡು ಬೆರಳು ನೀರಿಗೆ ಅದ್ದಿ, "ಗಂಗಮ್ಮಾ, ನಿನ್ನ ಹೂ ತಗಂಡೆ," ಅಂದಳು. ಸ್ವಲ್ಪ ಯೋಚಿಸಿ, "ಥ್ಯಾಂಕ್ ಯೂ," ಎಂದೂ ಸೇರಿಸಿದಳು. ರಾಯಪ್ಪ ತನ್ನ ಪುಟ್ಟ ಕೊಡತಿಯಿಂದ ಒಂದೇ ಪೆಟ್ಟಿಗೆ ಅದರ ಒದ್ದಾಟ ಮುಗಿಸಿದ. ಚಿನ್ನಿ ಕಣ್ಣು ಮುಚ್ಚಿ ನನ್ನ ಕೋಟಿನೊಳಗೆ ಮುಖ ಹುದುಗಿಸಿಕೊಂಡಳು, ಮತ್ತೆ ತೆರೆದು ತಾನೇ ಎತ್ತಿ ಐಸಿನ ಮೇಲೆ ಮಲಗಿಸಿದಳು.

ಮನೆ

ಬಾಲ್ಕನಿಯಲ್ಲಿ ಕರೆಂಟ್ ಒಲೆಯಿಟ್ಟು ಮಾಡುತ್ತೇನೆಂದೆ. ಸವಿತಾ ಕೆಲಸದಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು.

"ಹೊರಗೆ ಚಳಿ," ಅಂದರು ಅಳಿಯಂದಿರು. "ಒಳಗೇ ಮಾಡಿ ಅತ್ತೆ. ಅಮ್ಮಂಗೆ ನಾನೇ ಹೇಳ್ತೀನಿ."

"ಏನಂತ ಹೇಳ್ತೀಯ?" ಅಂದಳು ಸವಿತಾ.

"ಮೊಮ್ಮಗಳು ಹಿಡಿದ್ಲು ಅಂತ."

ಮೀನಿನ ಹುರುಪೆ ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣ. ಉಪ್ಪು ಅರಿಸಿನ ಹಚ್ಚಿ ತೊಳೆದೆ. ಚಿನ್ನಿ ಬೆಳ್ಳುಳ್ಳಿ ಸುಲಿದಳು, ಸವಿತಾ ಹುಣಸೆಹಣ್ಣು ಕಿವುಚಿದಳು. ಮೆಂತ್ಯ ಮೆಣಸಿನಕಾಯಿ ಹುರಿಯುತ್ತಿದ್ದ ಹಾಗೇ ಸೂರಿನಲ್ಲಿದ್ದ ಹೊಗೆ ಗಂಟೆ ಕಿರ್ರೋ ಎಂದು ಬಾಯಿ ಬಡಿದುಕೊಂಡಿತು. ಮೀನಿನ ಸುದ್ದಿ ತುಮಕೂರಿಗೇ ಮುಟ್ಟಿತು ಎಂದುಕೊಂಡೆ. ಅಳಿಯಂದಿರು ಸ್ಟೂಲು ಹತ್ತಿ ನಿಂತು ಟವೆಲಿನಿಂದ ಅದಕ್ಕೆ ಗಾಳಿ ಹಾಕತೊಡಗಿದರು. ಸಾರು ಕುದಿದು ಮುಗಿಯುವವರೆಗೂ ಇಳಿಯಲಿಲ್ಲ. ದೇವರಿಗೆ ಚಾಮರ ಬೀಸುವವರ ಹಾಗೆ ಕಾಣುತ್ತಿದ್ದರು. ಸವಿತಾ ನಗುತ್ತ ನಗುತ್ತ ಅತ್ತಳು. ಈರುಳ್ಳಿ ಅಂದಳು. ಸಾರಿಗೆ ಈರುಳ್ಳಿಯನ್ನು ನಾನು ಆಗಲೇ ಹಾಕಿ ಮುಗಿಸಿದ್ದೆ.

ಒಂದೇ ಮೇಜಿನ ಸುತ್ತ ನಾಲ್ವರೂ ಕೂತೆವು. ಅಳಿಯಂದಿರ ತಟ್ಟೆಯಲ್ಲಿ ಅವರ ಹುರುಳಿಕಾಯಿ ಪಲ್ಯ, ತಿಳಿಸಾರು, ಅನ್ನ. ನಮ್ಮ ತಟ್ಟೆಗಳಲ್ಲಿ ಮುದ್ದೆ. ಸವಿತಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಬಹಳ ಹೊತ್ತು ತೆರೆಯಲಿಲ್ಲ. ಚಿನ್ನಿ ಖಾರಕ್ಕೆ ಮೂಗು ಸೊರಸೊರ ಎಳೆದಳು, ನೀರು ಕುಡಿದಳು, ಮತ್ತೆ ತಿಂದಳು. ಮುಳ್ಳು ಬಿಡಿಸಿ ಅವಳ ತಟ್ಟೆಯ ಅಂಚಿಗೆ ಇಡುತ್ತ ಇಡುತ್ತ ನನ್ನ ಮುದ್ದೆ ಆರಿಹೋಯಿತು. ಕಣ್ಣು ಎಳೆಯುತ್ತಿತ್ತು, ಸೊಂಟ ಕುರ್ಚಿಗೆ ಅಂಟಿಕೊಂಡಿತ್ತು.

ಅವಳು ತಟ್ಟೆ ಖಾಲಿ ಮಾಡಿ ಮುಂದಕ್ಕೆ ಚಾಚಿದಳು. ಸಾರಿನ ಪಾತ್ರೆ ಅವಳಪ್ಪನ ಕೈಯಳತೆಯಲ್ಲಿತ್ತು. ನಾನು ಏಳಲು ಹೋದೆ.

"ಕೂತ್ಕೊಳಿ ಅತ್ತೆ, ಸುಸ್ತಾಗಿದೀರ," ಅಂದರು.

ಸೌಟು ತೆಗೆದುಕೊಂಡರು. ಪಾತ್ರೆಯೊಳಗೆ ಮೆಲ್ಲಗೆ ಆಡಿಸಿದರು. ಯಾವ ತುಂಡು ಕೊಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದರು. ಬಾಲದ ಕಡೆಯದನ್ನು ಕಣ್ಣಲ್ಲೇ ತೋರಿಸಿದೆ. ಅದನ್ನು ಒಡೆಯದ ಹಾಗೆ ಎತ್ತಿ ಮಗಳ ತಟ್ಟೆಗೆ ಇಳಿಸಿದರು.

"ತಗೋ ಚಿನ್ನಿ," ಅಂದರು, "ಹೂವು."